ಏಳು ಚುಕ್ಕೆ, ಒಂದು ಗೀಟು

ಇಂದ್ರಾಣಿಗೆ ಮದುವೆಯಾಗಿತ್ತು, ಚುಕ್ಕೆ ಬರುವುದೊಂದು ಬಾಕಿ ಇತ್ತು. ಅವಳು ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ನನ್ನ ಸೆರಗು ಹಿಡಿದುಕೊಂಡೇ ಬೆಳೆದವಳು, ನನ್ನನ್ನು ಚಿಕ್ಕವ್ವ ಎನ್ನುತ್ತಾಳೆ. ತಾಳಿ ಕಟ್ಟಿಸಿಕೊಂಡು ಬಂದವಳು ಮತ್ತೆ ನಮ್ಮ ಮನೆಯ ಮೂಲೆ ಕೋಣೆಯಲ್ಲೇ ಮಲಗುತ್ತಿದ್ದಳು; ಅವಳ ಗಂಡ ಕಾಂತರಾಜು ಮೇಗಲ ಬೀದಿಯಲ್ಲಿ ತನ್ನ ತಾಯಿ ನಿಂಗಾಜಮ್ಮನ ಮನೆಯಲ್ಲಿ. ಇಬ್ಬರಿಗೂ ಜಗಳವೇನೂ ಆಗಿರಲಿಲ್ಲ. ನಮ್ಮೂರಲ್ಲಿ ಎಲ್ಲರ ಮದುವೆಯೂ ಹೀಗೆಯೇ ಶುರುವಾಗುವುದು.

ನಮ್ಮೂರ ಮನೆತನಗಳಿಗೆ ಹೆಸರಿಲ್ಲ, ಚುಕ್ಕೆ ಇದೆ. ಅವರೆ ಹೊಲದಲ್ಲಿ ಗಿಡದ ಹೇನು ತಿಂದುಕೊಂಡು ಓಡಾಡುವ ಗುಲಗಂಜಿ ಹುಳುವಿನ ಬೆನ್ನು ನೋಡಿದರೆ ಹೊಲ ಯಾರದೆಂದು ಹೇಳಿಬಿಡಬಹುದು. ನಮ್ಮ ಮನೆಯವು ಏಳು ಚುಕ್ಕೆಯವು. ನಿಂಗಾಜಮ್ಮನ ಮನೆಯವಕ್ಕೆ ಚುಕ್ಕೆಯಿಲ್ಲ, ಕೆಂಪು ಬೆನ್ನಿನ ಮೇಲೆ ಹಾವು ಹರಿದಂಥ ಕರಿ ಗೀಟು. ಕೆಳಗಲ ಬೀದಿಯ ಒಂದು ಮನೆಯವರ ಹುಳುವಿಗೆ ಗೀಟೂ ಇಲ್ಲ, ಚುಕ್ಕೆಯೂ ಇಲ್ಲ, ಬರೀ ಕಿತ್ತಳೆ ಬಣ್ಣ. ಆ ಮನೆಯವರು ಮಾತಿನಲ್ಲೂ ಹಾಗೆಯೇ, ಏನು ಕೇಳಿದರೂ ನಕ್ಕು ಸುಮ್ಮನಾಗುವವರು. ಪಕ್ಕದ ಹೊಲದವರ ಹುಳು ಹೆಗಲ ಮೇಲೆ ಕೂತು ಬಂದರೆ ಅದನ್ನು ಬೆರಳಿಗೆ ಹತ್ತಿಸಿಕೊಂಡು ಅವರ ಬೇಲಿಯವರೆಗೆ ಹೋಗಿ ಬಿಟ್ಟು ಬರುವುದು ನಮ್ಮಲ್ಲಿ ಮರ್ಯಾದೆ.

ಮದುವೆಯ ದಿನ ಹೆಣ್ಣಿನ ಕಡೆಯವರು ಹುಳು ಕೂತ ಅವರೆ ಕುಡಿಯೊಂದನ್ನು ತರುತ್ತಾರೆ, ಗಂಡಿನ ಕಡೆಯವರೂ ಒಂದನ್ನು ತರುತ್ತಾರೆ. ಹೊಸ ಜೋಡಿಗೆಂದು ಬಿಟ್ಟುಕೊಟ್ಟ ಹೊಲದ ನಡುವೆ ಎರಡನ್ನೂ ಸೇರಿಸಿ ದಾರ ಸುತ್ತುತ್ತಾರೆ. ಆಮೇಲೆ ಕಾಯುವುದು. ಎರಡು ಮನೆಯ ಹುಳು ಬೆರೆತು, ಮೊಟ್ಟೆಯಿಟ್ಟು, ಮರಿಯಾಗಿ, ಗೂಡು ಕಟ್ಟಿ, ಹೊಸ ಹುಳು ಹೊರಬಿದ್ದಾಗ ಅದರ ಬೆನ್ನ ಮೇಲೆ ಊರಲ್ಲಿ ಮತ್ತಾರ ಮನೆಯಲ್ಲೂ ಇಲ್ಲದ ಗುರುತು ಇರುತ್ತದೆ. ಅದು ಆ ಜೋಡಿಯ ಚುಕ್ಕೆ. ಎಂಥದು ಬರುತ್ತದೋ ಎಂದು ಊರೆಲ್ಲ ಹೋಳಿಗೆಯೂಟದ ಪಂತ ಕಟ್ಟಿಕೊಂಡು ಕಾಯುತ್ತದೆ. ಚುಕ್ಕೆ ಬಂದ ಮೇಲೆಯೇ ಹೆಣ್ಣು ಆ ಹೊಲದಂಚಿನ ಹೊಸ ಮನೆಯಲ್ಲಿ ಒಲೆ ಹಚ್ಚಬೇಕು; ಅಲ್ಲಿಯವರೆಗೆ ಗಂಡನ ಕಡೆಯವರ ಹೊಸ್ತಿಲು ತುಳಿಯುವಂತಿಲ್ಲ. ಆ ಹೊಲದ ಕೊನೆಯ ಅವರೆಕಾಯಿ ಕೀಳುವುದರೊಳಗೆ ಚುಕ್ಕೆ ಬರದಿದ್ದರೆ ದಾರ ಬಿಚ್ಚುತ್ತಾರೆ. ಅಲ್ಲಿಗೆ ಸಂಬಂಧ ಮುಗಿಯಿತು. ಯಾರದೂ ತಪ್ಪಿಲ್ಲ ಎಂದು ಕಟ್ಟೆಯ ಮೇಲೆ ಹೇಳುತ್ತಾರೆ, ಹೆಣ್ಣಿನದು ಎಂದು ಬಾವಿಯ ಹತ್ತಿರ ಹೇಳುತ್ತಾರೆ.

ಇಂದ್ರಾಣಿ ಮೂವತ್ತು ದಾಟಿದವಳು. ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆವ ಹೇಳಿ ಕಳಿಸಿದವಳು, ಕಾಂತರಾಜು ಕೇಳಿದಾಗ ಮಾತ್ರ ನೆವ ಸಿಗದೆ ಕೂತಳು. ಅವನೇನು ಚೆಲುವನಲ್ಲ. ಕಿವಿ ದೊಡ್ಡದು, ನಡೆದರೆ ಯಾವಾಗಲೂ ಬಸ್ಸು ತಪ್ಪಿಸಿಕೊಂಡವನ ಹಾಗೆ ನಡೆಯುತ್ತಾನೆ. ಆದರೆ ಇವಳು ಹೊಲದ ಈ ತುದಿಯಲ್ಲಿ ಒಂದು ಮಾತು ಆಡಿದರೆ ಅವನು ಆ ತುದಿಯಲ್ಲಿ ನಗುತ್ತಿದ್ದ. ಅಷ್ಟು ಸಾಕಾಯಿತು ಅವಳಿಗೆ. ಈ ಸಂಬಂಧ ಬಿಚ್ಚಿಹೋದರೆ ಮತ್ತೊಂದಕ್ಕೆ ಅವಳು ಕೊರಳು ಕೊಡುವವಳಲ್ಲ ಎಂಬುದು ನನಗೆ ಗೊತ್ತಿತ್ತು.

ಆ ವರ್ಷವೇ ಊರಿಗೆ ಕಳೆ ಔಷಧಿ ಬಂದದ್ದು. ನಮ್ಮೂರಿಗೆ ಹೊಸದು ಏನೇ ಬರಲಿ, ಮೊದಲು ಬೊಮ್ಮೇಗೌಡರ ತಟ್ಟೆಗೆ ಹೋಗಬೇಕು. ಬೊಮ್ಮೇಗೌಡರ ಮನೆಯಲ್ಲಿ ಅವರ ತಾತನ ಕಾಲದ ಒಂದು ಕಂಚಿನ ತಟ್ಟೆ ಇದೆ. ಅದರಲ್ಲಿ ಹೊಸ ಸರಕು ಒಂದಿಷ್ಟು ಸುರಿದು, ಎಲ್ಲ ಮನೆಯ ಹುಳುಗಳನ್ನೂ ಅದರ ಮೇಲೆ ಬಿಟ್ಟು, ಊರಿನ ಕಟ್ಟೆಯ ಮೇಲೆ ಬಿಸಿಲಿಗಿಡುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಹುಳುಗಳು ಬದುಕಿದ್ದರೆ ಸರಕು ಊರೊಳಗೆ. ಹಿಂದೆ ಒಬ್ಬ ಹೇನಿಗೆ ಹೊಡೆಯುವ ಔಷಧಿ ತಂದಿದ್ದ. ಮಧ್ಯಾಹ್ನಕ್ಕೇ ಹುಳುಗಳೆಲ್ಲ ಕಾಲು ಮೇಲೆ ಮಾಡಿದವು. ಅವನನ್ನೂ ಅವನ ಕ್ಯಾನನ್ನೂ ಊರಬಾಗಿಲು ದಾಟಿಸಿ ಬಂದರು. ಕಳೆ ಔಷಧಿಯ ದಿನ ಹಾಗಾಗಲಿಲ್ಲ. ಹುಳುಗಳು ಅದರ ಮೇಲೆಯೇ ನಡೆದವು, ಮೀಸೆ ಒರೆಸಿಕೊಂಡವು, ಸಂಜೆ ಬೊಮ್ಮೇಗೌಡರು ತಟ್ಟೆ ಎತ್ತಿ ಹಿಡಿದಾಗ ಬುರ್ರನೆ ಹಾರಿ ತಮ್ಮ ತಮ್ಮ ಹೊಲಕ್ಕೆ ಹೋದವು.

ಊರಲ್ಲಿ ಅವತ್ತು ಆದ ಸಂಭ್ರಮ ಏನೆಂದು ಹೇಳಲಿ. ಗಂಡಸರಿಗೆ ಅಷ್ಟಾಗಿ ತಿಳಿಯಲಿಲ್ಲ, ಕಳೆ ಕೀಳುವವರು ಹೆಂಗಸರು ತಾನೇ. ಹುಟ್ಟಿದಾಗಿನಿಂದ ಬಗ್ಗಿದ ಸೊಂಟ ನೆಟ್ಟಗೆ ಮಾಡಿಕೊಂಡು ಮನೆಮನೆಯಲ್ಲೂ ಪಾಯಸ ಮಾಡಿದರು. ನಾನೂ ಮಾಡಿದೆ. ನನ್ನ ಮಂಡಿಗಳು ಕುಕ್ಕರುಗಾಲಲ್ಲಿ ಕೂತು ಕೂತು ಬಾಗಿಲ ತಿರುಗಣಿಯ ಹಾಗೆ ಕಿರುಗುಟ್ಟುತ್ತಿದ್ದವು. ಆ ಔಷಧಿಯನ್ನು ಕೈಮುಗಿದೇ ಮನೆಗೆ ತಂದೆ. ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಕಾಲು ಚಾಚಿ ಕೂರುವುದು ಎಂದರೇನೆಂದು ನಾವು ಆ ವರ್ಷ ಕಲಿತೆವು.

ಕಾಂತರಾಜು ಮಾತ್ರ ಎಲ್ಲರಿಗಿಂತ ಒಂದು ಪಟ್ಟು ಜಾಸ್ತಿ. ಹೊಸ ಹೊಲ, ಅದರ ಬದು, ಬದುವಿನಾಚೆಯ ದಾರಿ, ಹೊಸ ಮನೆಯ ಹಿತ್ತಿಲು, ಎಲ್ಲ ಕಡೆಗೂ ಹೊಡೆದ. ತುಂಬೆ ಹೂವು, ಅಣ್ಣೆ ಸೊಪ್ಪು, ಗರಿಕೆ, ಎಕ್ಕ, ಒಂದನ್ನೂ ಉಳಿಸಲಿಲ್ಲ. ವಾರದೊಳಗೆ ಬದುಗಳು ಮುಡಿ ಕೊಟ್ಟು ಬಂದವರ ತಲೆಯಂತೆ ಹೊಳೆದವು. ಹೊಸ ಹೊಲದ ಬೇಲಿಯಾಚೆ ನಿಂತು ಅವನು ಇಂದ್ರಾಣಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ನೀನು ಬರೋ ಹೊತ್ಗೆ ಆ ಹೊಲದಲ್ಲಿ ನಿನ್ ಕೈಗೆ ಒಂದು ಹುಲ್ಲೂ ಸಿಕ್ಬಾರ್ದು." ಒಡವೆ ಕೊಡುವವರು ಒಡವೆ ಕೊಡುತ್ತಾರೆ; ಇವನು ಅವಳ ಬೆರಳಿಗೆ ಬಿಡುವು ಕೊಟ್ಟ. ಅವಳು ಅವತ್ತೆಲ್ಲ ತನ್ನ ಕೈಯನ್ನೇ ನೋಡಿಕೊಂಡು ಓಡಾಡಿದಳು.

ಕುಡಿ ಕಟ್ಟಿದ ಮಾರನೆಯ ಬೆಳಗಿನಿಂದ ನಾವಿಬ್ಬರೂ ಹೊಸ ಹೊಲಕ್ಕೆ ಹೋಗತೊಡಗಿದೆವು. ಅವರೆ ಎಲೆಯನ್ನು ಒಂದೊಂದೇ ತಿರುಗಿಸಿ ಹಳದಿ ಮೊಟ್ಟೆಗಳ ಗೊಂಚಲು ಹುಡುಕುವುದು. ಸಾಲುಸಾಲಾಗಿ ನಿಲ್ಲಿಸಿದ ಪುಟ್ಟ ಜೋಳದ ಕಾಳಿನಂತಿರುತ್ತವೆ, ತಪ್ಪಿಸಿಕೊಳ್ಳುವಂಥವಲ್ಲ. ಹುಳುಗಳು ಇದ್ದವು. ನಮ್ಮ ಏಳು ಚುಕ್ಕೆಯವೂ ಅವರ ಗೀಟಿನವೂ ಒಂದೇ ಕುಡಿಯಲ್ಲಿ ಓಡಾಡುತ್ತಿದ್ದವು. ಆದರೆ ಓಡಾಟದಲ್ಲಿ ಏನೋ ಮಂಕು. ಮದುವೆ ಮನೆಯಲ್ಲಿ ಯಾರದೋ ಸಾವಿನ ಸುದ್ದಿ ಬಂದರೆ ಜನ ಊಟ ಮಾಡುತ್ತಾರಲ್ಲ, ಹಾಗೆ ಹೇನು ತಿನ್ನುತ್ತಿದ್ದವು. ಕೆಲವು ದಿನ ಕಳೆದ ಮೇಲೆ ಒಂದು ಎಲೆಯ ಕೆಳಗೆ ನಾಲ್ಕಾರು ಮೊಟ್ಟೆ ಕಂಡವು. ಇಂದ್ರಾಣಿ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತಾಯಿತು. ಮಾರನೆಯ ದಿನ ನೋಡಿದರೆ ಅವು ಸುಕ್ಕುಗಟ್ಟಿ, ಕಂದುಬಣ್ಣವಾಗಿ, ಮುಟ್ಟಿದರೆ ಪುಡಿಯಾದವು.

ಸುದ್ದಿ ಮೇಗಲ ಬೀದಿಗೆ ಹೋಗಲು ಎಷ್ಟು ಹೊತ್ತು. ನಿಂಗಾಜಮ್ಮ ನಮ್ಮ ಜಗಲಿಗೆ ಬಂದು ಕೂತರು. ಎತ್ತರದ ಹೆಂಗಸು, ಆಡು ಸಾಕಿ ಸಾಕಿ ದನಿಯೂ ಹಟ್ಟಿಯಿಂದ ಹಟ್ಟಿಗೆ ಕೇಳುವಂಥದು. ನೀರು ಬೆಲ್ಲ ಕೊಟ್ಟೆ, ಬೆಲ್ಲ ಮುಟ್ಟಲಿಲ್ಲ. ಒಳಗೆ ಇಂದ್ರಾಣಿ ಇದ್ದಾಳೆಂದು ಗೊತ್ತಿದ್ದೂ ಗೊತ್ತಿಲ್ಲದವರಂತೆ, ತಮ್ಮ ಮನೆಯ ಹುಳು ಎಂದೂ ಮೊಟ್ಟೆಯಿಡುವುದರಲ್ಲಿ ಹಿಂದೆ ಬಿದ್ದಿಲ್ಲವೆಂದೂ, ತಮ್ಮ ಕಾಲದಲ್ಲಿ ಕುಡಿ ಕಟ್ಟಿದ ವಾರಕ್ಕೇ ಎಲೆಯೆಲ್ಲ ಹಳದಿಯಾಗಿತ್ತೆಂದೂ ಹೇಳಿದರು. ಔಷಧಿಯದು ಏನಾದರೂ ಇರಬಹುದೇ ಎಂದು ನಾನು ಮೆಲ್ಲಗೆ ಅಂದೆ. ಅದಕ್ಕೆ ಅವರು, "ಹುಳ ಸತ್ತವಾ ಬೀಗ್ರೆ? ಓಡಾಡ್ಕಂಡು ಅವೆ ತಾನೆ? ತಟ್ಟೆ ಒಪ್ಪಿರೋದ್ನ ನಾವು ನೀವು ಬ್ಯಾಡ ಅನ್ನಕ್ಕಾಯ್ತದಾ?" ಎಂದರು. ಎದ್ದು ಹೋಗುವಾಗ ಬಾಗಿಲ ಕಡೆ ತಿರುಗಿ, "ವಯಸ್ಸಾದ್ಮೇಲೆ ಮಾಡ್ಕಂಡ್ರೆ ಹಿಂಗೇಯ" ಎಂದು ಆಡಿಗೆ ಹೇಳುವ ದನಿಯಲ್ಲೇ ಹೇಳಿದರು.

ಇಂದ್ರಾಣಿ ಹೊರಗೆ ಬಂದು, ಅವರು ಮುಟ್ಟದೆ ಬಿಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡಳು. ಅಳಲಿಲ್ಲ. ಅವರೆ ಹೊಲದ ಮೊದಲ ಕೊಯ್ಲು ಆಗಲೇ ಶುರುವಾಗಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಕಾಂತರಾಜು ನಮ್ಮ ಬೀದಿಗೆ ಓಡಿಬಂದ. ಚುಕ್ಕೆ ಬರುವ ಮೊದಲು ಗಂಡು ಹೆಣ್ಣಿನ ಮನೆಯ ಬೀದಿಗೆ ಬರುವುದೆಂದರೆ ಅಂಗಿಯಿಲ್ಲದೆ ಕಟ್ಟೆಯ ಮೇಲೆ ಕೂತ ಹಾಗೆ. ಎದುರು ಮನೆಯವರು ಒಲೆ ಬಿಟ್ಟು ಹೊರಗೆ ಬಂದರು. ಅವನ ಕೈಯಲ್ಲಿ ಆಡಿಗೆಂದು ಕೊಯ್ದ ಸೊಪ್ಪಿನ ಹೊರೆ ಹಾಗೇ ಇತ್ತು. ನೀನು ಇಲ್ಲಿಗೆ ಬರುವಂತಿಲ್ಲ ಕಣಪ್ಪ ಎಂದೆ.

"ಗೊತ್ತು ಅತ್ತೆವ್ರೆ, ಒಳಗೆ ಬರಾಕಿಲ್ಲ. ಇಲ್ಲೇ ನಿಂತ್ಕತೀನಿ. ಮೊಟ್ಟೆ ಅವೆ. ನಮ್ ರೊಪ್ಪದ ಹಿಂದೆ ಎಕ್ಕದ ಗಿಡ ಅದಲ್ಲ, ಅದ್ರಲ್ಲಿ. ನಿಮ್ ಏಳು ಚುಕ್ಕೇದು ನಮ್ ಗೀಟಿಂದ್ರ ಜೊತೇಲೇ ಅದೆ."

ಇಂದ್ರಾಣಿ ಬಾಗಿಲಿಗೆ ಬಂದು ನಿಂತಳು. ರೊಪ್ಪವೆಂದರೆ ನಿಂಗಾಜಮ್ಮ ಆಡು ಕೂಡಿಹಾಕುವ ದೊಡ್ಡಿ. ಹೊಸ ಹೊಲಕ್ಕೂ ಅದಕ್ಕೂ ಒಂದು ಬೀದಿ, ಎರಡು ಹಿತ್ತಿಲು ಅಡ್ಡ. ಅಷ್ಟು ದೂರ ಹುಳುಗಳು ತಾವಾಗಿಯೇ ಹಾರಿ ಹೋಗಿದ್ದವು. ಅವಳು ಏನೂ ಸಂತೋಷ ತೋರಿಸದೆ ಒಂದೇ ಮಾತು ಕೇಳಿದಳು. "ಅಲ್ಲಿಗೆ ಔಷಧಿ ಹೊಡ್ದಿದ್ರಾ?"

"ಇಲ್ಲ. ಆಡು ಬಾಯಿ ಹಾಕ್ತವೆ ಅಂತ ಅವ್ವ ಬಿಡ್ನಿಲ್ಲ. ಅಲ್ಲಿ ತುಂಬೆ ಅದೆ, ಅಣ್ಣೆ ಅದೆ, ಕಾಲಿಡಾಕೂ ಜಾಗ ಇಲ್ಲ..." ಎನ್ನುತ್ತಾ ಹೋದವನು ನಡುವೆ ನಿಲ್ಲಿಸಿದ. ಹೊರೆ ಕೈಜಾರಿ ಕೆಳಗೆ ಬಿತ್ತು. ಅವನ ದೊಡ್ಡ ಕಿವಿಗಳು ಕೆಂಪಾಗುವುದನ್ನು ನಾನು ನೋಡಿದೆ. ತಾನು ಯಾವುದನ್ನು ಹೆಂಡತಿಗೆ ಉಡುಗೊರೆ ಎಂದು ಕೊಟ್ಟಿದ್ದನೋ ಅದೇ ಅವಳ ಒಲೆಗೆ ನೀರು ಸುರಿಯುತ್ತಿತ್ತು ಎಂದು ಬೀದಿಯ ನಡುವೆ ನಿಂತು ಅವನಿಗೆ ಗೊತ್ತಾಯಿತು. ಇಂದ್ರಾಣಿ ಮೆಟ್ಟಿಲಿಳಿದು ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ಚೆಲ್ಲಿದ ಸೊಪ್ಪು ಆಯ್ದು ಅವನ ಕೈಗೆ ಕೊಟ್ಟಳು. ಸಂಜೆ ಕಟ್ಟೆಗೆ ಬಾ ಎಂದಳು, ನಿಮ್ಮವ್ವನನ್ನೂ ಕರೆದುಕೊಂಡು ಬಾ.

ಕಟ್ಟೆಯಲ್ಲಿ ಅವತ್ತು ಸೂಜಿ ಬೀಳಲು ಜಾಗವಿರಲಿಲ್ಲ. ಬೊಮ್ಮೇಗೌಡರು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಯಾರೋ ಕಿತ್ತುಕೊಳ್ಳಲು ಬಂದವರೆಂಬಂತೆ. ಕಳೆ ಔಷಧಿಯಿಂದ ಹುಳು ಬಸಿರಾಗುತ್ತಿಲ್ಲ, ಇಟ್ಟ ಮೊಟ್ಟೆ ಒಣಗುತ್ತಿದೆ, ಬದುವಿನ ಮೇಲೆ ಅವಕ್ಕೆ ಹೂವಿಲ್ಲ, ನೆರಳಿಲ್ಲ, ಬೇರೆ ಹೇನಿಲ್ಲ ಎಂದು ಇಂದ್ರಾಣಿ ಹೇಳಿ ಮುಗಿಸುವ ಮೊದಲೇ ಗದ್ದಲವೆದ್ದಿತು. ಗಂಡಸರಿಗಿಂತ ಹೆಂಗಸರದೇ ಹೆಚ್ಚು. ಮೂರು ಚುಕ್ಕೆಯವರ ಸೊಸೆ ಎದ್ದು ನಿಂತು, "ನಿನ್ ಚುಕ್ಕೆ ಬರ್ನಿಲ್ಲ ಅಂತ ನಾವೆಲ್ಲ ತಿರ್ಗ ಸೊಂಟ ಮುರ್ಕಬೇಕಾ ಇಂದ್ರಕ್ಕ? ಈಗ ತಾನೆ ನನ್ ಕೂಸು ನನ್ ಮುಖ ನೋಡ್ತಾ ಅದೆ, ಇಷ್ಟ್ ದಿವ್ಸ ಬೆನ್ನೇ ನೋಡಿದ್ದು" ಎಂದಳು. ಜನ ನಕ್ಕರು, ಆದರೆ ಅದು ನಿಜವಾಗಿತ್ತು. ನನ್ನ ಮಂಡಿಗಳೂ ಅವಳ ಕಡೆಗೇ ಇದ್ದವು. ಬೊಮ್ಮೇಗೌಡರು, ತಟ್ಟೆ ಇಷ್ಟು ತಲೆಮಾರಿನಲ್ಲಿ ಸುಳ್ಳು ಹೇಳಿಲ್ಲ ಎಂದರು.

ಇಂದ್ರಾಣಿ ಅವರ ಮುಂದೆ ಹೋಗಿ ನಿಂತಳು. "ತಟ್ಟೆ ಸುಳ್ಳು ಹೇಳ್ನಿಲ್ಲ ಗೌಡ್ರೆ. ಹುಳಗಳ್ನ ನಾವು ಕೇಳಿದ್ದೇ ಒಂದು ಮಾತು, ಇದ್ರಿಂದ ಸಾಯ್ತೀರಾ ಅಂತ. ಇಲ್ಲ ಅಂದ್ವು. ನಿಮ್ಗೆ ಮಕ್ಕಳಾಯ್ತವಾ ಅಂತ ಯಾರಾದ್ರೂ ಕೇಳಿದ್ವಾ?"

ಅವಳು ಊರಿನ ಕಡೆ ತಿರುಗಿ, ನಾನು ಹೊಸ ಮದುವಣಗಿತ್ತಿ, ದಿನಾ ಮೊಟ್ಟೆ ಹುಡುಕುವವಳು, ಅದಕ್ಕೇ ನನಗೆ ಮೊದಲು ಗೊತ್ತಾಯಿತು ಎಂದಳು. ನಿಮ್ಮ ಹೊಲದ ಎಲೆ ತಿರುಗಿಸಿ ನೀವು ನೋಡಿ ಎಷ್ಟು ದಿನವಾಯಿತು ಎಂದು ಕೇಳಿದಳು. ಮೊದಲು ಎದ್ದವಳು ಆ ಮೂರು ಚುಕ್ಕೆಯ ಸೊಸೆಯೇ, ಕೂಸನ್ನು ಕಂಕುಳಿಗೇರಿಸಿಕೊಂಡು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಕಟ್ಟೆಗೆ ಕಟ್ಟೆಯೇ ಎದ್ದು ಹೊಲಗಳ ಕಡೆ ಓಡಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಮುದುಕರು, ಮಕ್ಕಳು, ತಿರುಗಾಡಲಾರದವರು ಕೂಡ, ಎಲ್ಲ ಅವರೆ ಸಾಲುಗಳಲ್ಲಿ ಬಗ್ಗಿ ಎಲೆ ತಿರುಗಿಸುವವರೇ. "ಇಲ್ಲಿಲ್ಲ", "ಇಲ್ಲೂ ಇಲ್ಲ", "ಇದು ಒಣಗದೆ" ಎಂಬ ದನಿಗಳು ಒಂದು ಹೊಲದಿಂದ ಇನ್ನೊಂದಕ್ಕೆ ದಾಟಿಕೊಂಡು ಹೋದವು. ಇದ್ದ ಹುಳುಗಳೆಲ್ಲ ಹಳೆಯವು, ಔಷಧಿಗೂ ಮೊದಲು ಹುಟ್ಟಿದವು. ಅವು ಮುದಿಯಾಗಿ ಉದುರಿದರೆ ಹಿಂದೆ ಬರುವವರು ಯಾರೂ ಇರಲಿಲ್ಲ. ಆಮೇಲೆ ಹೇನಿನ ಕೈಗೆ ಹೊಲ ಕೊಟ್ಟು ಕೂರಬೇಕು, ಊರಿನ ಒಂದು ಮನೆಗೂ ಗುರುತಿಲ್ಲದೆ.

ಆಗ ಕೆಳಗಿನ ಮೂಲೆಯಿಂದ ಒಂದು ಕೂಗು ಬಂತು, ಇಲ್ಲಿವೆ, ಇಲ್ಲಿವೆ ಎಂದು. ಓಡಿದೆವು. ಅದು ಊರಿನ ಪರಮ ಸೋಮಾರಿ ಗಿಡ್ಡಯ್ಯನ ಹೊಲ. ಔಷಧಿ ಕ್ಯಾನು ತಂದು ಮಂಚದ ಕೆಳಗಿಟ್ಟವನು ಇನ್ನೂ ಮುಚ್ಚಳ ತೆಗೆದಿರಲಿಲ್ಲ. ಅವನ ಬದುವಿನ ತುಂಬ ಕಳೆ, ಕಳೆಯ ತುಂಬ ಹೂವು, ಅವರೆ ಎಲೆಯ ಕೆಳಗೆಲ್ಲ ಹಳದಿ ಮೊಟ್ಟೆ, ಅದರ ನಡುವೆ ಪುಟ್ಟ ಮೊಸಳೆಗಳಂತೆ ಕರಿ ಮರಿಗಳು ಹೇನಿನ ಹಿಂದೆ ಬಿದ್ದು ಓಡುತ್ತಿದ್ದವು. ಜನ ಅವನನ್ನು ಹೆಗಲ ಮೇಲೆ ಹೊತ್ತು ಕಟ್ಟೆಗೆ ತಂದರು. ಅವನ ಹೆಂಡತಿ ಹಿಂದೆ ಹಿಂದೆ ಬರುತ್ತಾ, ಈ ಮನುಷ್ಯನನ್ನು ಇಳಿಸಿಬಿಡಿ, ಹೀಗೆ ಹೊತ್ತು ಮೆರೆಸಿದರೆ ನಾಳೆಯಿಂದ ನೀರೂ ತರುವುದಿಲ್ಲ ಎಂದು ಬೇಡಿಕೊಳ್ಳುತ್ತಿದ್ದಳು.

ಬದುವಿಗೆ ಇನ್ನು ಔಷಧಿ ಹೊಡೆಯುವುದಿಲ್ಲ, ಹೊಲದೊಳಗೂ ಸದ್ಯಕ್ಕೆ ಬೇಡ ಎಂದು ಅವತ್ತೇ ತೀರ್ಮಾನವಾಯಿತು. ಹಾಗಾದರೆ ಕಳೆ ಕೀಳುವವರು ಯಾರು ಎಂದು ಮೂರು ಚುಕ್ಕೆಯ ಸೊಸೆ ಗಂಡಸರ ಕಡೆ ನೋಡಿದಳು. ನಾನು ಬರುತ್ತೇನೆ ಎಂದು ಕಾಂತರಾಜು ಎದ್ದ. ಆಡಿಕೊಂಡು ನಕ್ಕವರನ್ನು ಅವನು ತಿರುಗಿಯೂ ನೋಡಲಿಲ್ಲ.

ಆದರೆ ಇಂದ್ರಾಣಿಯ ಕೊರಳಿನ ತಾಳಿಯ ಮಾತು ಇನ್ನೂ ಹಾಗೇ ಇತ್ತು. ನಿಂಗಾಜಮ್ಮ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಔಷಧಿ ವಿಚಾರ ಬೇರೆ, ಚುಕ್ಕೆ ವಿಚಾರ ಬೇರೆ ಎಂದುಬಿಟ್ಟರು. ತಮ್ಮ ರೊಪ್ಪದ ಹಿಂದಿನ ಮೊಟ್ಟೆ ತಮ್ಮ ಗೀಟಿನ ಹುಳುಗಳದ್ದೇ ಆಗಿದ್ದರೆ? ಹೊಸ ಹುಳು ಹೊರಬಿದ್ದ ದಿನ ಬೆನ್ನು ಹೇಳುತ್ತದೆ. ಹೊಸ ಗುರುತಿದ್ದರೆ ಸೊಸೆ ಒಳಗೆ, ಬರೀ ಗೀಟಿದ್ದರೆ ದಾರ ಬಿಚ್ಚುವುದು. ಬೊಮ್ಮೇಗೌಡರು ತಲೆಯಾಡಿಸಿದರು. ಕೊನೆಯ ಅವರೆಕಾಯಿ ಕೀಳುವುದರೊಳಗೆ, ಅಷ್ಟೇ ಷರತ್ತು.

ಅಷ್ಟರಲ್ಲಿ ಹೊಸ ಹೊಲದ ಅವರೆ ಕೊಯ್ಲು ತುದಿಗೆ ಬಂದಿತ್ತು. ಸೊಗಡು ಕಟ್ಟಿದ ಕಾಯಿ ಬಿಟ್ಟರೆ ಒಣಗುತ್ತದೆ, ಕಿತ್ತರೆ ಇಂದ್ರಾಣಿಯ ಬಾಳು ಮುಗಿಯುತ್ತದೆ. ಅತ್ತ ಎಕ್ಕದ ಗಿಡದಲ್ಲಿ ಮೊಟ್ಟೆ ಒಡೆದು ಮರಿ ಬಂದಿದ್ದವು, ಇನ್ನೂ ಗೂಡು ಕಟ್ಟಿರಲಿಲ್ಲ. ಕಾಯಿ ಕೀಳಲು ಬರುತ್ತಿದ್ದವರು ಊರಿನ ಹೆಂಗಸರೇ. ಯಾರೂ ಮಾತಾಡಿಕೊಳ್ಳಲಿಲ್ಲ, ಸುಮ್ಮನೆ ಅವರ ಕೈ ನಿಧಾನವಾಯಿತು. ಒಂದು ಕಾಯಿ ಕೀಳುವುದು, ಅದನ್ನು ಮೂಸಿ ನೋಡುವುದು, ಮಗಳ ಮನೆಯ ಕಥೆ ಹೇಳುವುದು, ಎಲೆ ಅಡಿಕೆ ಹಾಕಿಕೊಳ್ಳುವುದು, ಆಮೇಲೆ ಇನ್ನೊಂದು ಕಾಯಿ. ಮೂರು ಚುಕ್ಕೆಯ ಸೊಸೆಯಂತೂ ಕಿತ್ತ ಸಾಲಿನಲ್ಲೇ ಮತ್ತೆ ಹೋಗಿ ಹುಡುಕುತ್ತಾ ಅರ್ಧ ದಿನ ಕಳೆದಳು. ಬೊಮ್ಮೇಗೌಡರು ಬದುವಿನ ಮೇಲೆ ನಿಂತು ನೋಡಿದರು. ಕೆಮ್ಮಿದರು. ಈ ವರ್ಷ ಕಾಯಿ ಬಿಗಿ ಎಂದು ಹೇಳಿ ಮನೆಗೆ ಹೋದರು.

ಅವರ ನಡುವೆ ಕಾಂತರಾಜು ಕುಕ್ಕರುಗಾಲಲ್ಲಿ ಕೂತು, ಮತ್ತೆ ಚಿಗುರಿದ ಕಳೆ ಕೀಳುತ್ತಿದ್ದ. ಮೊದಲ ದಿನ ಕಳೆಯ ಜೊತೆ ಅವರೆಯನ್ನೂ ಕಿತ್ತ. ಎರಡನೆಯ ದಿನ ಎದ್ದು ನಿಲ್ಲಲಾಗದೆ ಕೂತಲ್ಲೇ ತೆವಳಿದ. ಹೆಂಗಸರು ಅವನಿಗೆ ಸೊಸೆಮುದ್ದು ಎಂದು ಹೆಸರಿಟ್ಟರು, ಸೆರಗು ಹೊದಿಸಲೇ ಎಂದು ಕೇಳಿದರು, ಅವನು ಕೊಡಿ ಬಿಸಿಲಿದೆ ಎಂದ. ಬೇಲಿಯಾಚೆ ಇಂದ್ರಾಣಿ ನಗುವುದು ಹೊಲದ ಆ ತುದಿಗೂ ಕೇಳಿಸಿತು. ವಾರ ಕಳೆಯುವಷ್ಟರಲ್ಲಿ ಇನ್ನೂ ನಾಲ್ಕಾರು ಗಂಡಸರು, ಸುಮ್ಮನೆ ನೋಡಲು ಬಂದವರು, ಅವನ ಪಕ್ಕ ಕೂತಿದ್ದರು.

ನಿಂಗಾಜಮ್ಮನದು ಬೇರೆಯೇ ಕಥೆ. ತಪ್ಪು ಹಿಡಿಯಲೆಂದು ಎಕ್ಕದ ಗಿಡದ ಹತ್ತಿರ ಹೋಗಿ ಕೂತವರು ಅಲ್ಲೇ ಕೂತುಬಿಟ್ಟರು. ಕೋಳಿ ಬಂದು ಮರಿ ಕುಕ್ಕೀತೆಂದು ತಮ್ಮ ಮುದ್ದಿನ ಹುಂಜವನ್ನು ಬುಟ್ಟಿಯಲ್ಲಿ ಕವುಚಿ ಹಾಕಿದರು. ಇರುವೆ ಬರದಂತೆ ಬುಡಕ್ಕೆ ಬೂದಿ ಸುತ್ತಿದರು. ಗಾಳಿ ಬೀಸಿದ ದಿನ ಗಿಡಕ್ಕೆ ಕಂಬಳಿ ಮರೆ ಕಟ್ಟಿದರು. ಒಂದು ಮರಿ ಕಾಣದಾದಾಗ ಮಗನನ್ನು ಹೊಲದಿಂದ ಕರೆಸಿ ಹುಡುಕಿಸಿದರಂತೆ. ಇಂದ್ರಾಣಿ ಬೇಲಿಯ ಹೊರಗೆ ನಿಂತು ಇಣುಕಿದರೆ ಮುಖ ತಿರುಗಿಸುತ್ತಿದ್ದರು, ಆದರೆ ಎದುರಿಗಿದ್ದ ಆಡುಗಳಿಗೆ ಕೇಳಿಸುವಂತೆ ಹೇಳುತ್ತಿದ್ದರು, ಇವತ್ತು ಒಂದು ಗೂಡು ಕಟ್ಟಿತು, ಇವತ್ತು ಇನ್ನೆರಡು ಎಂದು.

ಕೊನೆಯ ಸಾಲಿನಲ್ಲಿ ಎರಡೋ ಮೂರೋ ಗಿಡದ ಕಾಯಿ ಉಳಿದಿದ್ದ ದಿನ ಮಧ್ಯಾಹ್ನ, ಮೇಗಲ ಬೀದಿಯಿಂದ ನಿಂಗಾಜಮ್ಮನ ಕೂಗು ಕೇಳಿಸಿತು. ಗೂಡು ಅಲ್ಲಾಡುತ್ತಿದೆ. ಹೊಲದಲ್ಲಿದ್ದವರು ಬುಟ್ಟಿ ಬಿಟ್ಟು ಓಡಿದರು. ನನ್ನ ಮಂಡಿಗಳು ಅವತ್ತು ಹೇಗೆ ಓಡಿದವೋ ನನಗೇ ತಿಳಿಯದು. ರೊಪ್ಪದ ಸುತ್ತ ಊರೇ ಬೇಲಿಯಾಗಿ ನಿಂತಿತು. ಬೊಮ್ಮೇಗೌಡರಿಗೆ ಮಣೆ ಹಾಕಿದರು. ನಿಂಗಾಜಮ್ಮ ಗಿಡದ ಪಕ್ಕ, ಅವರ ಪಕ್ಕ ನಾನು. ಗೂಡಿನ ಬೆನ್ನು ಬಿರಿದು ಹುಳು ಮೆಲ್ಲಗೆ ಹೊರಬಂತು. ಈಗ ತಾನೇ ಹುಟ್ಟಿದ ಹುಳುವಿಗೆ ಬಣ್ಣವಿರುವುದಿಲ್ಲ, ಅರಿಸಿನದ ಹನಿಯಂತೆ ಮೆತ್ತಗೆ ಹಳದಿಯಾಗಿರುತ್ತದೆ. ಬಿಸಿಲು ಬಿದ್ದಂತೆ ಬೆನ್ನು ಗಟ್ಟಿಯಾಗಿ ಗುರುತು ಮೇಲೇಳುತ್ತದೆ. ಅಲ್ಲಿಯವರೆಗೆ ರೆಪ್ಪೆ ಮಿಟುಕಿಸದೆ ಕಾಯಬೇಕು. ಕಾಂತರಾಜು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಇಂದ್ರಾಣಿ ಎಲ್ಲಿ ಎಂದು ನಾನು ಬೇಲಿಯಾಚೆ ನೋಡಿದೆ, ಕಾಣಲಿಲ್ಲ.

ಹಳದಿ ಬೆನ್ನು ಕಿತ್ತಳೆಗೆ ತಿರುಗುತ್ತಿತ್ತು. ಯಾರೋ, ಅದೋ ಅಲ್ಲೊಂದು ನೆರಳು ಎಂದರು. ಇನ್ನೊಬ್ಬರು ಅದು ನಿನ್ನ ತಲೆಯ ನೆರಳು ಎಂದರು. ಆಗ ಹಿಂದಿನಿಂದ ಮೂರು ಚುಕ್ಕೆಯ ಸೊಸೆ, "ಅಯ್ಯೋ ಅಲ್ನೋಡ್ರವ್ವ" ಎಂದಳು. ಎಲ್ಲರೂ ತಿರುಗಿದರು. ಕೆಳಗೆ, ಹೊಸ ಹೊಲದ ಅಂಚಿನಲ್ಲಿದ್ದ ಹೊಸ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ, ಚೆನ್ನಾಗಿ ಹತ್ತಿದ ಒಲೆಯ ಹೊಗೆ. ಚುಕ್ಕೆ ಬರುವ ಮೊದಲೇ, ಯಾರನ್ನೂ ಕೇಳದೆ, ಅವಳು ಹೋಗಿ ಒಲೆ ಹಚ್ಚಿದ್ದಳು. ಅಂಥದು ನಮ್ಮೂರಲ್ಲಿ ಯಾರೂ ಕಂಡಿದ್ದಿಲ್ಲ. ಕಾಂತರಾಜು ಕಣ್ಣು ಬಿಟ್ಟು ಅದನ್ನು ನೋಡಿದ. ಬೇಲಿ ಹಾರಿದ. ಬಸ್ಸು ತಪ್ಪಿಸಿಕೊಂಡವನು ಕೊನೆಗೂ ಬಸ್ಸು ಕಂಡಂತೆ ಆ ಹೊಗೆಯ ಕಡೆ ಓಡಿದ. ನಾವೆಲ್ಲ ಬಾಯಿ ತೆರೆದು ಅವನ ಅಂಗಾಲುಗಳನ್ನೇ ನೋಡುತ್ತಾ ನಿಂತೆವು.

ತಿರುಗಿ ನೋಡುವಷ್ಟರಲ್ಲಿ ಎಕ್ಕದ ಎಲೆಯ ಮೇಲೆ ಏನೂ ಇರಲಿಲ್ಲ. ಒಣಗೂಡೊಂದು ಅಂಟಿಕೊಂಡಿತ್ತು. ಹುಳು ಹಾರಿಹೋಗಿತ್ತು.

ಗುಜುಗುಜು ಎದ್ದಿತು. ನೀನು ನೋಡಿದೆಯಾ, ನಾನೆಲ್ಲಿ ನೋಡಿದೆ, ಗೌಡರು ನೋಡಿರಬೇಕು. ಬೊಮ್ಮೇಗೌಡರು ಮಣೆಯ ಮೇಲೆಯೇ ಹಿಂದು ಮುಂದಾಗಿ ಕೂತಿದ್ದರು, ಅವರ ಮುಖವೂ ಹೊಗೆಯ ಕಡೆಗೇ ಇತ್ತು. ಅವರು ನಿಧಾನವಾಗಿ ತಿರುಗಿ, ಗುರುತು ಏನೆಂದು ಕಂಡವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಯಾರೂ ಇರಲಿಲ್ಲ. ಹೊಗೆ ಮಾತ್ರ ಮೇಲೇಳುತ್ತಲೇ ಇತ್ತು, ಅವರೆ ಬೇಯುವ ವಾಸನೆ ಅದರ ಜೊತೆ ಬೆರೆಯತೊಡಗಿತ್ತು.

ನಿಂಗಾಜಮ್ಮ ಸೆರಗು ಕೊಡವಿಕೊಂಡು ಎದ್ದರು. ಆಡಿಗೆ ಹೇಳುವ ದನಿಯಲ್ಲಲ್ಲ, ಊರಿಗೆ ಹೇಳುವ ದನಿಯಲ್ಲಿ ಹೇಳಿದರು: "ನಾನು ನೋಡ್ದೆ. ಏಳು ಚುಕ್ಕೆ, ನಡುವೆ ಒಂದು ಗೀಟು. ನನ್ ಕಣ್ಣೆದ್ರಿಗೇ ಎದ್ವು."

ಅವರ ಪಕ್ಕದಲ್ಲೇ ನಿಂತಿದ್ದವಳು ನಾನು. ಹೊಗೆಯೆದ್ದ ಗಳಿಗೆಯಿಂದ ಅವರ ಕಣ್ಣು ಆ ಹೆಂಚಿನ ಮೇಲಿಂದ ಕದಲಿರಲಿಲ್ಲ. ಮಗ ಬೇಲಿ ಹಾರಿದಾಗ ಅವರ ಕೈ ನನ್ನ ಕೈ ಹಿಡಿದಿತ್ತು, ಇನ್ನೂ ಬಿಟ್ಟಿರಲಿಲ್ಲ. ಬೊಮ್ಮೇಗೌಡರು ನನ್ನತ್ತ ನೋಡಿ, ನೀವೂ ನೋಡಿದಿರಾ ಎಂದರು. ನೋಡಿದೆ ಎಂದೆ. ಹಿಂದಿನಿಂದ ಮೂರು ಚುಕ್ಕೆಯ ಸೊಸೆ ತಾನೂ ನೋಡಿದೆನೆಂದಳು, ಗಿಡ್ಡಯ್ಯ ತಾನು ಎಲ್ಲರಿಗಿಂತ ಮೊದಲೇ ನೋಡಿದೆನೆಂದ. ಗಳಿಗೆಯೊಳಗೆ ಊರಲ್ಲಿ ನೋಡದವರೇ ಉಳಿಯಲಿಲ್ಲ.

ಮಾರನೆಯ ದಿನ ಉಳಿದ ಗೂಡುಗಳು ಒಡೆದವು. ಹೊರಬಂದ ಹುಳುಗಳ ಬೆನ್ನ ಮೇಲೆ ಹೊಸ ಗುರುತೇನೋ ಇತ್ತು, ಆದರೆ ಏಳು ಚುಕ್ಕೆಯಲ್ಲ, ನಡುವಿನ ಗೀಟೂ ಅಲ್ಲ. ಆರು ಚುಕ್ಕೆ, ಒಂದೊಂದಕ್ಕೂ ಸಣ್ಣ ಬಾಲ. ಜನ ಒಂದನ್ನು ಬೆರಳ ಮೇಲೆ ಹತ್ತಿಸಿಕೊಂಡು ಹೋಗಿ ನಿಂಗಾಜಮ್ಮನಿಗೆ ತೋರಿಸಿದರು. ಅವರು ಹೊಸ ಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಸೊಸೆಯ ಜೊತೆ ಅವರೆಕಾಳು ಹಿಸುಕುತ್ತಿದ್ದರು. ಹುಳುವನ್ನು ಹತ್ತಿರ ತಂದು ನೋಡಿ, ಮತ್ತೆ ಕಾಳಿನ ಕಡೆ ತಿರುಗಿದರು.

"ಮೊದ್ಲುದು ಹಂಗಿತ್ತು, ಇವು ಹಿಂಗವೆ. ನಾನು ಹೆತ್ತವು ಎಲ್ಲಾ ಒಂದೇ ಥರ ಅವಾ?"